‘ಚೆನ್ನಾಗಿದ್ದೀನಿ ತಾತ’ ಅನ್ನುವವನಿಗೆ

ಪುಟ್ಟಾ, ಭಾನುವಾರ ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದ್ದೀನಿ ತಾತ’ ಅಂತೀಯ. ಈ ಸಲ ನಿನ್ನ ದನಿ ಬೇರೇನೋ ಹೇಳುತ್ತಿತ್ತು. ಮೂವತ್ತೊಂದು ವರ್ಷ ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೂತು ಮಾತ್ರೆ ಎಣಿಸಿಕೊಟ್ಟವನು ನಾನು. ಅಲ್ಲಿ ಕಂಡದ್ದನ್ನು ಬರೆದಿದ್ದೇನೆ, ಬಿಡುವಾದಾಗ ನೋಡು.

• ನಿದ್ದೆಯ ಮೇಲೆ ಕಣ್ಣಿಡು. ಒಬ್ಬ ರೈತ ಎರಡು ತಿಂಗಳು ನಮ್ಮ ಕಿಟಕಿಗೆ ಬಂದ. ಒಂದು ವಾರ ತಲೆನೋವಿನ ಮಾತ್ರೆ, ಇನ್ನೊಂದು ವಾರ ಗ್ಯಾಸ್ಟ್ರಿಕ್‌ಗೆ, ಆಮೇಲೆ ಬೆನ್ನುನೋವಿಗೆ. ಹೊಸದಾಗಿ ಬಂದ ಡಾಕ್ಟರಮ್ಮ ಚೀಟಿ ಬರೆಯುವ ಮೊದಲು ‘ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ?’ ಅಂತ ಕೇಳಿದರು. ‘ಮೂರು ಗಂಟೆಗೆ ತಾಯಿ, ಆಮೇಲೆ ಕಣ್ಣು ಹತ್ತಲ್ಲ’ ಅಂದವನೇ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ತಲೆನೋವು, ಬೆನ್ನುನೋವು ಸುಳ್ಳಲ್ಲ; ಅದರ ಬೇರು ಮಾತ್ರ ಬೇರೆ ಕಡೆ ಇತ್ತು. ನಿನಗೂ ಎರಡು ವಾರದಿಂದ ಹೀಗೇ ಆಗುತ್ತಿದ್ದು, ಕ್ರಿಕೆಟ್ ಕೂಡ ಬೇಡವೆನಿಸುತ್ತಿದ್ದರೆ ‘ಆಫೀಸ್ ಟೆನ್ಷನ್’ ಅಂತ ತಳ್ಳಿಹಾಕದೆ ಡಾಕ್ಟರ ಹತ್ತಿರ ಹೋಗು.

• ಹೋದಾಗ ರಕ್ತವನ್ನೂ ಪರೀಕ್ಷೆ ಮಾಡಿಸು. ಥೈರಾಯ್ಡ್ ಕಮ್ಮಿಯಾದರೂ, ಬಿ12 ಇಳಿದರೂ ಮನಸ್ಸು ಮಂಕಾಗಬಹುದು. ನಮ್ಮದು ಮಾಂಸ ತಿನ್ನದ ಮನೆ, ನೀನೋ ಹಾಲು–ಮೊಸರನ್ನೂ ಬಿಟ್ಟಿದ್ದೀಯಂತೆ. ನಿಮ್ಮಮ್ಮ ಹೇಳಿದಳು. ಮತ್ತೆ ಬಿ12 ಎಲ್ಲಿಂದ ಬರಬೇಕು?

• ಕುಡಿದರೆ ನಿದ್ದೆ ಬೇಗ ಹತ್ತುತ್ತೆ, ಅರ್ಧರಾತ್ರಿಗೆ ಮುರಿಯುತ್ತೆ. ಇದಕ್ಕಿಂತ ಹೆಚ್ಚು ಕೇಳುವುದಿಲ್ಲ.

• ಮಾತು ಬರದಿದ್ದರೆ ಕೈಗೆ ಕೆಲಸ ಕೊಡು. ನಿಮ್ಮಜ್ಜಿ ತೀರಿಕೊಂಡ ವರ್ಷ ನಾನೂ ಎಲ್ಲರಿಗೂ ‘ಚೆನ್ನಾಗಿದ್ದೀನಿ’ ಅಂತಲೇ ಹೇಳಿಕೊಂಡು ತಿರುಗಿದೆ. ಒಲೆ ಹಚ್ಚುತ್ತಿರಲಿಲ್ಲ, ಬೇಕರಿ ಬನ್ನು, ಟೀ, ಅಷ್ಟೇ. ಒಂದು ದಿನ ಎದುರುಮನೆಯಾಕೆ ನೆನೆಸಿದ ಅವರೆಕಾಳಿನ ಬೋಗುಣಿ ತಂದು ಜಗಲಿಯ ಮೇಲಿಟ್ಟು, ‘ನನ್ನೊಬ್ಬಳ ಕೈಲಿ ಆಗಲ್ಲ, ಸ್ವಲ್ಪ ಹಿದುಕಿ ಕೊಡಿ ಸಾರ್’ ಅಂದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ತಟ್ಟೆಗೆ ಬೀಳುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ಆಕೆ ಏನೂ ಕೇಳಲಿಲ್ಲ. ಅರ್ಧ ಬೋಗುಣಿ ಮುಗಿಯುವ ಹೊತ್ತಿಗೆ ಅಜ್ಜಿಯ ಕೊನೆಯ ರಾತ್ರಿಯನ್ನೆಲ್ಲ ನಾನೇ ಹೇಳಿಬಿಟ್ಟಿದ್ದೆ. ಎದುರಿಗೆ ಕೂರಿಸಿಕೊಂಡು ‘ಏನಾಗಿದೆ ಹೇಳು’ ಅಂದಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ಪಿಜಿಯಲ್ಲಿ ಅವರೆಕಾಳು ಎಲ್ಲಿಂದ ತರಲಿ ಅಂತೀಯ. ರೂಮ್‌ಮೇಟ್ ಜೊತೆ ಬಟ್ಟೆ ಮಡಿಚು, ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕು.

• ಖಿನ್ನತೆಗೆ ಮಾತ್ರೆ ಬರೆದುಕೊಟ್ಟರೆ ನಾಚಬೇಡ, ಆತುರವನ್ನೂ ಪಡಬೇಡ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಬರಬಹುದು. ಐದನೇ ದಿನಕ್ಕೇ ‘ಇದು ಕೆಲಸ ಮಾಡಲ್ಲ’ ಅಂತ ಸ್ಟ್ರಿಪ್ಪನ್ನು ಕಿಟಕಿಯೊಳಗೆ ವಾಪಸ್ ತಳ್ಳಿದವರಿದ್ದಾರೆ. ಹುಷಾರಾಯಿತು ಅಂತ ತಾವೇ ನಿಲ್ಲಿಸಿ, ತಲೆಸುತ್ತು ಬಂದು ಓಡಿಬಂದವರೂ ಇದ್ದಾರೆ. ನಿಲ್ಲಿಸುವುದಾದರೆ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಗೆಳೆಯನ ನಿದ್ದೆಮಾತ್ರೆಗಂತೂ ಕೈ ಹಾಕಬೇಡ.

• 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೋ. ಟೆಲಿ ಮನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಮೇಲುಸ್ತುವಾರಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ನದು. ನಮ್ಮ ಕಾಲದಲ್ಲಿ ಆ ಹೆಸರು ಎತ್ತಿದರೆ ಬಸ್ಸಿನಲ್ಲಿ ಪಕ್ಕದವನು ಸರಿದು ಕೂರುತ್ತಿದ್ದ. ಈಗ ನಿನ್ನ ವಾರಿಗೆಯವರು ಹೊಸೂರು ರಸ್ತೆಯಲ್ಲಿ ಆಟೋ ಇಳಿದು ಸೀದಾ ಒಳಗೆ ಹೋಗುತ್ತಾರಂತೆ. ಈ ಒಂದು ವಿಷಯದಲ್ಲಿ ನೀವೇ ಜಾಣರು.

• ಜೊತೆಯವನು ಯಾರಾದರೂ ‘ಬದುಕಿ ಏನು ಮಾಡಬೇಕು’ ಅಂದರೆ ತಮಾಷೆ ಅಂದುಕೊಳ್ಳಬೇಡ. ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡ, ಮನೆಯವರಿಗೆ ತಿಳಿಸು, ಆಸ್ಪತ್ರೆಗೆ ಕರೆದುಕೊಂಡು ಹೋಗು. ಪೊಲೀಸ್ ಕೇಸಾಗುತ್ತೆ ಅಂತ ಹೆದರಿ, ಸಾಯಲು ಯತ್ನಿಸಿದವರನ್ನು ತಡವಾಗಿ ತಂದ ಕುಟುಂಬಗಳನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಭಾವಿಸುತ್ತೆ, ಆರೈಕೆ ಕೊಡಿ ಅನ್ನುತ್ತೆ.

ಸಂತೆಗೆ ಅವರೆಕಾಯಿ ಬಂದಿದೆ. ಎರಡು ಕೆಜಿ ತಂದಿಟ್ಟಿದ್ದೇನೆ, ಇನ್ನೂ ಬಿಡಿಸಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬಂದರೆ ಮಧ್ಯಾಹ್ನ ಬಿಡಿಸಿ ನೆನೆಸಿಟ್ಟು, ಭಾನುವಾರ ಇಬ್ಬರೂ ಕೂತು ಹಿದುಕಬಹುದು.