ಮೊದಲು ಕಿವಿ, ಆಮೇಲೆ ಪೆಡಲ್

ಮಕ್ಕಳೇ, ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯಲ್ಲಿ ಸಂಜೆಯಾದರೆ ಒಂದು ಮನೆಯಿಂದ ಸರಳೆ ವರಸೆ ಕೇಳಿಸುತ್ತದೆ, ಪಕ್ಕದ ಮನೆಯಿಂದ ಗಿಟಾರು. ಎರಡೂ ನನಗೆ ಇಷ್ಟ. ಗಿಟಾರು ಹಿಡಿದ ನಿಮ್ಮ ಕಾಲ ಬುಡದಲ್ಲಿ ಈಗ ಪೆಡಲ್‌ಗಳ ಸಾಲೇ ಇರುತ್ತದೆ: ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್. ‘ಅದೆಲ್ಲ ಬರೀ ಗದ್ದಲ’ ಎಂದು ಮನೆಯ ಹಿರಿಯರು ಗದರಿರಬಹುದು. ನಾನು ಹಾಗೆ ಹೇಳುವವನಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಎಂಥ ನಾದ ಬೇಕೆಂದು ಮೊದಲು ಕಿವಿಗೆ ಗೊತ್ತಾಗಲಿ, ಆಮೇಲೆ ಕೈ ನಾಬ್‌ಗೆ ಹೋಗಲಿ.

ನಾದವನ್ನು ಬೇಕಾದಂತೆ ತಿದ್ದಿಕೊಳ್ಳುವುದು ನಮ್ಮ ಸಂಗೀತಕ್ಕೆ ಹೊಸದೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದೆಳೆ ನೂಲು ಸೇರಿಸುತ್ತಾರೆ. ಆ ಎಳೆಯನ್ನು ತುಸುವೇ ಸರಿಸಿದರೆ ಸಪ್ಪೆಯಾಗಿದ್ದ ತಂತಿಯಿಂದ ಅನುಸ್ವರಗಳು ಝೇಂಕರಿಸುತ್ತವೆ. ಅದಕ್ಕೇ ಅದನ್ನು ಜೀವಾಳ ಎನ್ನುವುದು. ನಮ್ಮಲ್ಲಿಂದ ಕೆ.ಆರ್. ರಸ್ತೆ ಹಿಡಿದು ಹೋದರೆ 1905ರಲ್ಲಿ ಶುರುವಾದ ಗಾಯನ ಸಮಾಜ ಸಿಗುತ್ತದೆ. ಒಂದು ದಿನ ಕಛೇರಿಗೆ ಮುಂಚಿತವಾಗಿ ಹೋಗಿ, ಮೃದಂಗ ವಿದ್ವಾಂಸರನ್ನು ಗಮನಿಸಿ. ಕಲಸಿದ ರವೆಯನ್ನು ಎಡಭಾಗಕ್ಕೆ ಹಚ್ಚುತ್ತಾರೆ, ತಟ್ಟಿ ಕೇಳುತ್ತಾರೆ, ಚಿಟಿಕೆಯಷ್ಟು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಬೇಕಾದ ಗುಂಕಿ ಅವರ ಕಿವಿಯಲ್ಲಿ ಆಗಲೇ ಇರುತ್ತದೆ. ವಾದ್ಯ ಅಲ್ಲಿಗೆ ಬರುವ ತನಕ ಅವರು ಬಿಡುವುದಿಲ್ಲ.

ಹೊರಗಿನಿಂದ ಬಂದ ವಾದ್ಯವನ್ನೂ ಹೀಗೆ ಪಳಗಿಸಬಹುದು. ಬಂಟ್ವಾಳದ ಸಜಿಪದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆ ವಾದ್ಯ ಗಮಕಕ್ಕೆಂದು ಮಾಡಿದ್ದಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯದಲ್ಲೇ ಮಾರ್ಪಾಡು ಮಾಡಿಕೊಂಡು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಏನು ನುಡಿಯಬೇಕೆಂಬುದು ಖಚಿತವಾಗಿದ್ದುದರಿಂದಲೇ ಏನನ್ನು ಬದಲಿಸಬೇಕೆಂಬುದೂ ಅವರಿಗೆ ಹೊಳೆಯಿತು.

ಪೆಡಲ್ ಹುಟ್ಟಿದ್ದರ ಹಿಂದೆಯೂ ಇಂಥದೇ ಕಿವಿಯಿದೆ. 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಹೊರಬಂದ ಒಂದು ಹಾಡಿನ ರೆಕಾರ್ಡಿಂಗ್ ವೇಳೆ ಸ್ಟುಡಿಯೊದ ಉಪಕರಣ ಕೆಟ್ಟು, ಗಿಟಾರು ವಾದಕ ಗ್ರೇಡಿ ಮಾರ್ಟಿನ್ ನುಡಿಸಿದ್ದು ಬಿರುಕುಬಿಟ್ಟ ದನಿಯಲ್ಲಿ ದಾಖಲಾಯಿತು. ಅದನ್ನು ಅಳಿಸಿಹಾಕದೆ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದನ್ನು ಟ್ರಾನ್ಸಿಸ್ಟರ್‌ಗಳಿಂದ ಬರಿಸುವ ದಾರಿ ಹುಡುಕಿದರು. 1962ರಲ್ಲಿ ಅದು ಮೇಸ್ಟ್ರೊ ಫಜ್-ಟೋನ್ ಎಂಬ ಪೆಡಲ್ ಆಗಿ ಮಾರುಕಟ್ಟೆಗೆ ಬಂತು.

ಈಗ ನಿಮ್ಮ ಕೋಣೆಗೆ ಬರೋಣ. ಓವರ್‌ಡ್ರೈವ್ ಒಂದನ್ನೇ ಇಟ್ಟುಕೊಂಡು ಮಿಕ್ಕವನ್ನು ಬಿಚ್ಚಿಡಿ. ಡ್ರೈವ್ ನಾಬ್ ಅರ್ಧಕ್ಕಿಂತ ಕೆಳಗಿರಲಿ. ಗಿಟಾರಿನ ವಾಲ್ಯೂಮ್ 10ರಿಂದ 6ಕ್ಕೆ ಇಳಿಸಿ ಮೆಲ್ಲಗೆ ಮೀಟಿ, ದನಿ ತಿಳಿಯಾಗುತ್ತದೆ. ಅದೇ ಜಾಗದಲ್ಲಿ ಬಿರುಸಾಗಿ ಮೀಟಿ, ಅಂಚಿನಲ್ಲಿ ಒಡೆಯುತ್ತದೆ. ಪೆಡಲ್ ಮುಟ್ಟದೆ ಬೆರಳಿನಿಂದಲೇ ಇಷ್ಟು ಬಣ್ಣ ಬರುತ್ತದೆ. ಒಂದು ಸಲಕ್ಕೆ ಒಂದೇ ನಾಬ್ ತಿರುಗಿಸಿ. ತಿರುಗಿಸುವ ಮೊದಲೇ ಏನಾಗಬಹುದೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಕೇಳಿ, ಬರೆದಿಡಿ. ಇದಕ್ಕೇ ಪ್ರಯೋಗ ಎನ್ನುವುದು.

ಇನ್ನೊಂದು ಪ್ರಯೋಗ ಮಾಡಿ. ಡ್ರೈವ್ ಏರಿಸಿ ಸಾ–ಪಾ ಒಟ್ಟಿಗೆ ನುಡಿಸಿ, ಗಂಭೀರವಾಗಿ ತುಂಬಿಕೊಳ್ಳುತ್ತದೆ. ಸಾ ಜೊತೆ ಅಂತರ ಗಾಂಧಾರ ನುಡಿಸಿ, ಒರಟಾಗಿ ಗುರುಗುಡುತ್ತದೆ. ಕಾರಣವಿದೆ. ಎರಡು ಸ್ವರ ಒಟ್ಟಿಗೆ ಒಡೆದಾಗ ಅವುಗಳ ಕಂಪನಾಂಕಗಳ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಏಳುತ್ತವೆ. ಸಾ 200 ಹರ್ಟ್ಸ್, ಪಾ 300 ಎಂದುಕೊಳ್ಳಿ. ವ್ಯತ್ಯಾಸ 100, ಅಂದರೆ ಕೆಳಸ್ಥಾಯಿಯ ಸಾ. ಶ್ರುತಿ ತಾನಾಗಿ ಕೂಡಿಬಂತು. ಶ್ರುತಿಗೆ ಸರಿಯಾದ ಅಂತರ ಗಾಂಧಾರ 250ರಲ್ಲಿರಬೇಕು, ಫ್ರೆಟ್ ಇರುವ ಗಿಟಾರಿನಲ್ಲಿ ಅದು 252ರ ಹತ್ತಿರ ನಿಲ್ಲುತ್ತದೆ. ಹುಟ್ಟುವ 52 ಯಾವುದಕ್ಕೂ ಹೊಂದದೆ ತಿಕ್ಕಾಡುತ್ತದೆ. ರಾಕ್ ಸಂಗೀತದವರು ಪವರ್ ಕಾರ್ಡ್ ಎನ್ನುವುದು ನಮ್ಮ ಷಡ್ಜ–ಪಂಚಮವನ್ನೇ.

ರಾಗ ನುಡಿಸುವವರು ಡಿಲೇ ವಿಷಯದಲ್ಲಿ ಎಚ್ಚರವಾಗಿರಿ. ನಿಮಿಷಕ್ಕೆ 120 ಪೆಟ್ಟಿನ ಕಾಲಪ್ರಮಾಣದಲ್ಲಿ ಒಂದು ಪೆಟ್ಟಿಗೆ 500 ಮಿಲಿಸೆಕೆಂಡ್. ಡಿಲೇಯನ್ನು ಅಷ್ಟಕ್ಕೆ ಇಟ್ಟರೆ ಮೋಹನದ ಬಿಡಿಸ್ವರಗಳು ತಾಳಕ್ಕೆ ಕೂತು ಚೆನ್ನಾಗಿ ಕೇಳಿಸುತ್ತವೆ. ಅದೇ ಡಿಲೇಯಲ್ಲಿ ತೋಡಿಯ ಗಾಂಧಾರ ತೂಗಿ ನೋಡಿ. ಹಿಂದಿನ ತೂಗಾಟ ಈಗಿನದರ ಮೇಲೆ ಬಿದ್ದು ಗಮಕ ಕಲಸಿಹೋಗುತ್ತದೆ. ಅಲ್ಲಿ ಪ್ರತಿಧ್ವನಿ ಒಂದೇ ಸಲ ಬರಲಿ, ಅದೂ ಮೆಲ್ಲಗೆ. ಇಲ್ಲವೇ ಪೆಡಲ್ ಆರಿಸಿಬಿಡಿ. ಆರಿಸುವುದೂ ಕಲಿಯಬೇಕಾದ ವಿದ್ಯೆಯೇ.

ಜೋಡಣೆಯಲ್ಲಿ ಮೊದಲು ಟ್ಯೂನರ್, ಆಮೇಲೆ ಡ್ರೈವ್, ಕೋರಸ್, ಡಿಲೇ, ಕೊನೆಗೆ ರಿವರ್ಬ್. ಇದು ರೂಢಿ. ರಿವರ್ಬ್ ಮುಂದಿಟ್ಟರೆ ಅದರ ಗುಂಗೂ ಡ್ರೈವ್‌ನಲ್ಲಿ ಒಡೆದು ರಾಡಿಯಾಗುತ್ತದೆ. ಆ ರಾಡಿಯೇ ಬೇಕಿದ್ದರೆ ತಿಳಿದು ಬದಲಿಸಿ. ವೀಣೆಗೋ ಪಿಟೀಲಿಗೋ ಪಿಯೆಜೊ ಪಿಕಪ್ ಅಂಟಿಸಿಕೊಂಡವರು ನಡುವೆ ಒಂದು ಪ್ರೀಆಂಪ್ ಇಡಿ. ಅದರ ಇನ್‌ಪುಟ್ ಇಂಪೀಡೆನ್ಸ್ ಕನಿಷ್ಠ 1 ಮೆಗಾಓಮ್ ಇರಲಿ, ಇಲ್ಲದಿದ್ದರೆ ಮಂದ್ರ ಸೊರಗುತ್ತದೆ.

ಬಹುತೇಕ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್, ನಡುವೆ ನೆಗೆಟಿವ್. ಅಡಾಪ್ಟರ್ ಮೇಲಿನ ಚಿತ್ರ ನೋಡದೆ ಚುಚ್ಚಬೇಡಿ, ತಿರುವುಮುರುವಾದರೆ ಪೆಡಲ್ ಸುಟ್ಟೀತು. ಒಳಗೇನಿದೆ ಎಂಬ ಕುತೂಹಲವಿದ್ದರೆ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯಿರಿ. ಎಸ್.ಪಿ. ರೋಡ್ ನಡೆದು ಹೋಗುವಷ್ಟು ದೂರ. ಟ್ರಾನ್ಸಿಸ್ಟರ್, ಕೆಪಾಸಿಟರ್, ಡಬ್ಬಿ ಕೊಂಡು ತಂದು ಒಂದು ಸರಳ ಫಜ್ ಸರ್ಕ್ಯೂಟನ್ನು ನೀವೇ ಬೆಸುಗೆ ಹಾಕಿ. ಬೆಂಗಳೂರಿನವರೇ ಆದ ಜಿ. ರಾಜ್‌ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿ ರಾಡೆಲ್ ಹೆಸರಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದರು. ಬೆಸುಗೆ ಕಡ್ಡಿ ಹಿಡಿದ ಕೈ ಸಂಗೀತದ ಕೈಯೂ ಆಗಬಲ್ಲದು ಎಂಬುದಕ್ಕೆ ಈ ಊರಿನಲ್ಲೇ ಸಾಕ್ಷಿಯಿದೆ.

ಇಷ್ಟಕ್ಕೆಲ್ಲ ಬಂಡವಾಳ ನಿಮ್ಮ ಕಿವಿ. ದುಡಿಯುವವರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ, 100ಕ್ಕೆ ಉಳಿಯುವುದು 15 ನಿಮಿಷ. ಜಾಮ್ ರೂಮಿನಲ್ಲಿ ಇಯರ್‌ಪ್ಲಗ್ ಹಾಕಿಕೊಳ್ಳಿ, ನಾಚಿಕೆ ಬೇಡ. ಹೋದ ಶ್ರವಣಶಕ್ತಿಯನ್ನು ಯಾವ ಪೆಡಲ್ಲೂ ತಂದುಕೊಡುವುದಿಲ್ಲ.

ಕೈಯಲ್ಲಿ ದುಡ್ಡಿದ್ದರೂ ಮುಂದಿನ ದೀಪಾವಳಿಯ ತನಕ ಹೊಸ ಪೆಡಲ್ ಕೊಳ್ಳಬೇಡಿ. ಇರುವುದನ್ನೇ ಅರೆದು ಕುಡಿಯಿರಿ. ನಿಮಗೆ ಬೇಕಾದ ನಾದವನ್ನು ಬಾಯಲ್ಲಿ ಗುನುಗಿ ತೋರಿಸುವಷ್ಟು ಸ್ಪಷ್ಟವಾದ ದಿನ ಧಾರಾಳವಾಗಿ ಅಂಗಡಿಗೆ ಹೋಗಿ.