ಬರಿಗಾಲಿನ ಹೊಗಳಿಕೆಗೆ ಮರುಳಾಗಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮಕ್ಕಳೇ, ನಮ್ಮ ಜಾತ್ರೆಯ ಕಣಗಳಲ್ಲಿ ಒಂದು ಹೊಗಳಿಕೆ ಬಹಳ ಸಲೀಸಾಗಿ ಸಿಗುತ್ತದೆ: "ಕಾಲಾಗ ಬೂಟ್ ಇಲ್ಲ, ಕಲಿಸಾಂವ್ ಇಲ್ಲ, ಆದರೂ ಹೆಂಗ ಆಡತಾನ ನೋಡ್ರಿ!" ಕೇಳಲು ಹಿತ. ಆದರೆ ಈ ಮಾತಿಗೆ ಹಿಗ್ಗಿ ಅಲ್ಲಿಯೇ ಕುಳಿತುಬಿಡಬೇಡಿ. ಯಾಕೆ ಅಂತ ಹೇಳಲು ಬೆಂಗಳೂರಿನ ಅಹ್ಮದ್ ಖಾನರ ಕತೆ ಹೇಳಬೇಕು. ನಿಮ್ಮಲ್ಲಿ ಹೆಚ್ಚಿನವರು ಆ ಹೆಸರು ಕೇಳಿರಲಿಕ್ಕಿಲ್ಲ. ತಪ್ಪು ನಿಮ್ಮದಲ್ಲ, ನಾವು ಹಿರಿಯರು ಹೇಳಲಿಲ್ಲ.

1926ರಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಅವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿದ್ದರು. ಫ್ರಾನ್ಸ್ ಎದುರು ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿ, ಸಿಕ್ಕ ಎರಡು ಪೆನಾಲ್ಟಿ ಕೈಬಿಟ್ಟು, 2-1ರಿಂದ ಸೋತರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಮರುವರ್ಷ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ, ಅಪ್ಪಾರಾವ್, ಧನರಾಜ್, ಸಾಲೇ, ಅಹ್ಮದ್: ಈ ಐವರನ್ನು ಬಂಗಾಳದ ಜನ ಪಂಚಪಾಂಡವರು ಎಂದು ಕರೆದರು. 1949, 50, 51, ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಅವರದಾಯಿತು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಇದ್ದರು. ಬರಿಗಾಲ ಹೊಗಳಿಕೆ ಮುಗಿಲು ಮುಟ್ಟಿತು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15, ಎದುರಾಳಿ ಯುಗೊಸ್ಲಾವಿಯ. ಪರದೇಶದ ಚಳಿ, ಜಾರುವ ಹುಲ್ಲು, ಎದುರಿಗೆ ಬೂಟು ತೊಟ್ಟ ಗಟ್ಟಿ ಆಳುಗಳು. ಒಂದರ ಹಿಂದೊಂದು ಹತ್ತು ಗೋಲು ಬಿದ್ದವು. 89ನೇ ನಿಮಿಷದಲ್ಲಿ ಭಾರತದ ಲೆಕ್ಕಕ್ಕೆ ಒಂದು ಗೋಲು ಬಂತು. ಹೊಡೆದವರು ಅಹ್ಮದ್ ಖಾನ್.

ಆ ಗೋಲನ್ನು ನಾನು ತುಂಬ ಮೆಚ್ಚುತ್ತೇನೆ. ಹತ್ತು ತಿಂದ ಮೇಲೆ ಯಾರ ಕಾಲೂ ಏಳುವುದಿಲ್ಲ, ಅವರ ಕಾಲು ಎದ್ದಿತು. ಆದರೆ ಆ ಗೋಲಿನ ಸಡಗರದಲ್ಲಿ ಹತ್ತನ್ನು ಮರೆತರೆ ಕೆಟ್ಟೆವು. ಫುಟ್‌ಬಾಲ್ ಒಕ್ಕೂಟ ಮರೆಯಲಿಲ್ಲ. ಬೂಟು ಕಡ್ಡಾಯ ಮಾಡಿತು. ನಾಲ್ಕು ವರ್ಷದ ಮೇಲೆ ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ಅಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಈ ಸಲ ಸೋಲು 4-1. ಎಲ್ಲ ಬೂಟಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ರಹೀಮ್ ಸಾಹೇಬರಂಥ ತರಬೇತುದಾರರ ಪಾಲೂ ಇದೆ. ಇತ್ತ ಅಹ್ಮದ್, ಬರಿಗಾಲ ಕಾಲ ಮುಗಿಯಿತೆಂದು ಮನೆ ಸೇರಲಿಲ್ಲ. 1959ರವರೆಗೆ ಈಸ್ಟ್ ಬೆಂಗಾಲ್‌ನಲ್ಲೇ ಆಡಿದರು. 2017ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು.

ಫುಟ್‌ಬಾಲ್ ನಮ್ಮ ಕಡೆ ಯಾರು ಆಡುತ್ತಾರೆ ಅನ್ನಬೇಡಿ. ಅದೇ ಹೆಲ್ಸಿಂಕಿಯಲ್ಲಿ, ಅದೇ ತಿಂಗಳು, ನಮ್ಮ ನೆರೆರಾಜ್ಯದ ಸಾತಾರಾ ಜಿಲ್ಲೆಯ ಪೈಲ್ವಾನ ಖಾಶಾಬಾ ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದ ಮೊದಲ ಒಲಿಂಪಿಕ್ ಪದಕ ಅದು. ಅವರೂ ಮಣ್ಣಿನಲ್ಲಿ ಬೆಳೆದ ಕುಸ್ತಿಯವರು. ಅದಕ್ಕೂ ಮೊದಲು, 1948ರ ಲಂಡನ್ನಿನಲ್ಲಿ ಮ್ಯಾಟು ಹೊಸದು, ನಿಯಮ ಹೊಸದು, ಆರನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಆ ನಾಲ್ಕು ವರ್ಷ ಅವರು ಮಣ್ಣಿನ ಪಟ್ಟುಗಳನ್ನು ಬಿಡದೆ ಮ್ಯಾಟಿನ ಲೆಕ್ಕ ಕಲಿತರು. ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ಮನೆ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು.

ಜಾಧವರ ಈ ಮಣ್ಣು-ಮ್ಯಾಟಿನ ಕತೆಯಲ್ಲೇ ನಿಮ್ಮ ವಿಷಯವೂ ಇದೆ. ತಾಲೀಮಿನ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಬೆರೆಸಿ ಹದ ಮಾಡುತ್ತೀರಿ, ಇಂಡಿಯವರಿಗೆ ಲಿಂಬೆಗೇನು ಬರವೇ! ಆ ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡುವತನಕ ಕಾಯಬಹುದು. ಮ್ಯಾಟಿನಲ್ಲಿ ಮೂರು ನಿಮಿಷದ ಎರಡು ಸುತ್ತು, ಬೆನ್ನು ನೆಲದ ಕಡೆ ತಿರುಗಿದರೂ ಅಂಕ ಹೋಗುತ್ತದೆ. ಮಣ್ಣಿನಲ್ಲಿ ಗಟ್ಟಿಗನೆನಿಸಿದ ಹುಡುಗ ಅಲ್ಲಿ ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಆಟ ಮುಗಿದಿರುತ್ತದೆ. ಕಬಡ್ಡಿಗೂ ಇದೇ ಮಾತು. ಮಣ್ಣು ಬಿಡಿ ಎನ್ನುತ್ತಿಲ್ಲ. ಕೈಹಿಡಿತ, ತಾಳ್ಮೆ ಅಲ್ಲಿಯೇ ಬರುತ್ತವೆ. ಆದರೆ ಹದಿನಾಲ್ಕು ಹದಿನೈದರ ವಯಸ್ಸಿನಲ್ಲೇ ಮ್ಯಾಟಿನ ರುಚಿಯೂ ಹತ್ತಲಿ. ಹೆಣ್ಣುಮಕ್ಕಳೇ, ನಿಮಗೂ ಸೇರಿಸಿ ಹೇಳುತ್ತಿದ್ದೇನೆ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತದ್ದು ನಮ್ಮೂರ ಕಣದಲ್ಲಲ್ಲ, ಇಂಗ್ಲೆಂಡಿನ ಡರ್ಬಿಯ ಪಿಚ್ಚಿನ ಮೇಲೆ.

ಓದನ್ನೂ ಬಿಡಬೇಡಿ. 1948ರ ಫುಟ್‌ಬಾಲ್ ತಂಡದ ನಾಯಕ, ನಾಗಾ ಬೆಟ್ಟದ ತಾಲಿಮೆರನ್ ಆವ್, ಆಡುತ್ತಲೇ ವೈದ್ಯಕೀಯ ಓದಿ ಡಾಕ್ಟರಾದರು. ಜಾಧವರಿಗೆ ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಎಷ್ಟೋ ವರ್ಷದ ಮೇಲೆ. ಆಟ ಕೊಡುವ ಹೆಸರು ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಬರುತ್ತದೆಂದು ನಂಬಿ ಕೂಡಬಾರದು.

ಈ ಸಲ ಜಾತ್ರೆಯಲ್ಲಿ ಬೆಳ್ಳಿ ಕಡಗ ಗೆದ್ದವರು ಅದನ್ನು ತೊಟ್ಟು ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಬೇಕಾದರೆ ಅದನ್ನು ಮಾರಿಯಾದರೂ ಒಂದು ಜೊತೆ ಕುಸ್ತಿ ಬೂಟು ಕೊಳ್ಳಿ, ಉಳಿದದ್ದರಲ್ಲಿ ಮ್ಯಾಟ್ ಇರುವ ಊರಿಗೆ ಬಸ್ ಹತ್ತಿ. ಮನೆಯಲ್ಲಿ ಹಿರಿಯರು ಗೊಣಗಿದರೆ ನನ್ನ ಹೆಸರು ಹೇಳಿ.