ಕಂಡದ್ದನ್ನು ಕಂಡಷ್ಟೇ ಬರೆಯೋಣ
(ಜೀವಶಾಸ್ತ್ರ ಪ್ರಯೋಗಶಾಲೆಯ ಮೊದಲ ಪಾಠಗಳು)

ವಿಜ್ಞಾನದ ಇತಿಹಾಸದಲ್ಲಿ ಒಬ್ಬ ಜವಳಿ ವ್ಯಾಪಾರಿಗೆ ದೊಡ್ಡ ಸ್ಥಾನವಿದೆ ಎಂದರೆ ನಮ್ಮ ಇಚಲಕರಂಜಿಯ ಮಕ್ಕಳಿಗೆ ಸಂತೋಷವಾದೀತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೀವೆನ್‌ಹೂಕ್ (1632–1723) ಬಟ್ಟೆಯ ಅಂಗಡಿ ನಡೆಸಿದವನು. ಇಂದಿಗೂ ಮಗ್ಗದ ಊರಿನಲ್ಲಿ ಅಂಗುಲಕ್ಕೆ ಎಷ್ಟು ಎಳೆಗಳಿವೆಯೆಂದು ಎಣಿಸಲು ಬಟ್ಟೆಯ ಮೇಲೆ ಸಣ್ಣ ಭೂತಗನ್ನಡಿ ಇಟ್ಟು ನೋಡುವುದುಂಟು. ಲೀವೆನ್‌ಹೂಕ್ ತಾನೇ ಮಾಡಿದ ಮಸೂರದಿಂದ 1674ರಲ್ಲಿ ಕೆರೆಯ ನೀರನ್ನು ನೋಡಿ, ಅದರಲ್ಲಿ ಓಡಾಡುವ ಅತಿ ಸಣ್ಣ ಜೀವಿಗಳನ್ನು ಕಂಡು ಬರೆದಿಟ್ಟನು. ಅದಕ್ಕೂ ಮೊದಲು, 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಬಾಟಲಿಯ ಬಿರಡೆಯ ತೆಳು ಹೋಳಿನಲ್ಲಿ ಸಣ್ಣ ಸಣ್ಣ ಕೋಣೆಗಳನ್ನು ಕಂಡು ಅವುಗಳಿಗೆ 'ಸೆಲ್' ಎಂದು ಹೆಸರಿಟ್ಟಿದ್ದನು. ಅದನ್ನು ನಾವು ಜೀವಕೋಶ ಎನ್ನುತ್ತೇವೆ. ಪಕ್ಕದ ಮರಾಠಿ ಶಾಲೆಯ ಗೆಳೆಯರು ಪೇಶಿ ಎನ್ನುತ್ತಾರೆ. ಹೆಸರು ಮೂರಾದರೂ ವಸ್ತು ಒಂದೇ.

1. ನೋಡುವುದು

ಉಳ್ಳಾಗಡ್ಡಿಯ ದಪ್ಪ ಪದರಿನ ಒಳಮೈಯಿಂದ ಪಾರದರ್ಶಕವಾದ ಪೊರೆಯನ್ನು ಚಿಮಟಿಗೆಯಿಂದ ಸುಲಿಯಬೇಕು. ಸೂಕ್ಷ್ಮದರ್ಶಕದಲ್ಲಿ ಬೆಳಕು ಕೆಳಗಿನಿಂದ ವಸ್ತುವನ್ನು ಹಾಯ್ದು ಕಣ್ಣಿಗೆ ಬರುವುದರಿಂದ ಪೊರೆ ತೆಳುವಾಗಿರಲೇಬೇಕು. ಸ್ಲೈಡಿನ ಮೇಲೆ ಒಂದು ಹನಿ ನೀರು ಹಾಕಿ, ಪೊರೆಯನ್ನು ಮಡಿಕೆ ಬೀಳದಂತೆ ಹರವಿ, ಒಂದು ಹನಿ ಅಯೋಡಿನ್ ದ್ರಾವಣ ಬಿಡಬೇಕು. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಮೆಲ್ಲಗೆ ಇಳಿಸಬೇಕು. ಇಲ್ಲವಾದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ದುಂಡು ಆಕೃತಿ ಕಂಡರೆ ಅದು ಗುಳ್ಳೆಯೇ ಹೊರತು ಜೀವಕೋಶವಲ್ಲ.

ಮೊದಲು ಕಡಿಮೆ ಶಕ್ತಿಯ ಮಸೂರದಿಂದಲೇ ನೋಡಬೇಕು. ಬದಿಯಿಂದ ನೋಡುತ್ತ ಮಸೂರವನ್ನು ಸ್ಲೈಡಿನ ಹತ್ತಿರ ತಂದು, ಬಳಿಕ ಕಣ್ಣಿಟ್ಟು ಅದನ್ನು ಸ್ಲೈಡಿನಿಂದ ದೂರ ಸರಿಸುತ್ತ ಚಿತ್ರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೀಗೆ ಮಾಡಿದರೆ ಸ್ಲೈಡೂ ಮಸೂರವೂ ಒಡೆಯುವುದಿಲ್ಲ.

2. ಅಳೆಯುವುದು

ಕಣ್ಣಿನ ಬಳಿಯ ಮಸೂರ 10 ಪಟ್ಟು, ಸ್ಲೈಡಿನ ಬಳಿಯದು 10 ಪಟ್ಟು ಹಿಗ್ಗಿಸಿದರೆ ಒಟ್ಟು 100 ಪಟ್ಟು. 'ದೊಡ್ಡದಾಗಿ ಕಂಡಿತು' ಎಂದು ಬರೆದರೆ ಸಾಲದು, ಎಷ್ಟು ಎಂದು ಹೇಳಬೇಕು. ಸ್ಲೈಡಿನ ಜಾಗದಲ್ಲಿ ಪಾರದರ್ಶಕ ಅಳತೆಪಟ್ಟಿ ಇಟ್ಟು ನೋಡಿದಾಗ, ಕಾಣುವ ಬೆಳಕಿನ ವೃತ್ತದ ಅಡ್ಡಗಲ 1.8 ಮಿಲಿಮೀಟರ್ ಎಂದುಕೊಳ್ಳೋಣ. ಆ ಅಗಲದಲ್ಲಿ ಉದ್ದುದ್ದಕ್ಕೆ 6 ಕೋಶಗಳು ಹಿಡಿಸಿದರೆ ಒಂದರ ಉದ್ದ 0.3 ಮಿಲಿಮೀಟರ್, ಅಂದರೆ 300 ಮೈಕ್ರೊಮೀಟರ್. ಇಷ್ಟೇ ಲೆಕ್ಕ, ಆದರೆ ಬರಿಗಣ್ಣಿಗೆ ನಿಲುಕದ್ದನ್ನು ಅಳೆದಂತಾಯಿತು.

3. ಹೋಲಿಸುವುದು

ಅಯೋಡಿನ್ ಪಿಷ್ಟವನ್ನು ಕಡುನೀಲಿ ಮಾಡುತ್ತದೆಂದು ಪುಸ್ತಕದಲ್ಲಿ ಓದಿದ್ದೇವೆ. ಆದರೆ ಉಳ್ಳಾಗಡ್ಡಿಯ ಪೊರೆ ನೀಲಿಯಾಗದು. ಹಳದಿ ಮಿಶ್ರಿತ ಕಂದು ಬಣ್ಣ ಬರುತ್ತದೆ, ಕೋಶದೊಳಗಿನ ನ್ಯೂಕ್ಲಿಯಸ್ ಎದ್ದು ಕಾಣುತ್ತದೆ. ಪುಸ್ತಕದ ನೆನಪಿನಲ್ಲಿ 'ನೀಲಿ' ಎಂದು ಬರೆದವರು ಕಣ್ಣಿಗೆ ಅನ್ಯಾಯ ಮಾಡಿದಂತೆ. ನೀಲಿ ಏಕೆ ಬರಲಿಲ್ಲ? ಪೊರೆಯಲ್ಲಿ ಪಿಷ್ಟವಿಲ್ಲವೋ, ಅಯೋಡಿನ್ ಕೆಟ್ಟಿದೆಯೋ? ಅದೇ ಬಾಟಲಿಯ ಹನಿಯನ್ನು ಆರಿದ ಅನ್ನದ ಗಂಜಿಗೂ ಬರಿ ನೀರಿಗೂ ಹಾಕಿ ನೋಡೋಣ. ಗಂಜಿ ಕಡುನೀಲಿಯಾಗಿ ನೀರು ಆಗದಿದ್ದರೆ ಅಯೋಡಿನ್ ಸರಿಯಾಗಿದೆ; ಪೊರೆಯಲ್ಲಿಯೇ ಪಿಷ್ಟವಿಲ್ಲ. ಹೀಗೆ ಪಕ್ಕದಲ್ಲಿಟ್ಟು ನೋಡುವುದಕ್ಕೆ ಹೋಲಿಕೆಯ ಪ್ರಯೋಗ ಎನ್ನುತ್ತಾರೆ. ಹೋಲಿಕೆಯಿಲ್ಲದ ಪ್ರಯೋಗ ಒಂದೇ ತಟ್ಟೆಯ ತಕ್ಕಡಿ.

4. ಕಾಣದ್ದನ್ನು 'ಇಲ್ಲ' ಎನ್ನದಿರುವುದು

ಕೊಲ್ಹಾಪುರ, ಇಚಲಕರಂಜಿಯವರು ಪಂಚಗಂಗೆಯ, ಗಡಹಿಂಗ್ಲಜದವರು ಹಿರಣ್ಯಕೇಶಿಯ ದಡದ ನಿಂತ ನೀರಿನ ಒಂದು ಹನಿಯನ್ನು ಶಿಕ್ಷಕರ ಸಮಕ್ಷಮ ನೋಡಬಹುದು. ಪಾಚಿಯ ಹಸಿರು ಎಳೆ ಸಿಕ್ಕೀತು, ಚುರುಕಾಗಿ ಈಜುವ ಜೀವಿಯೂ ಸಿಕ್ಕೀತು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು.

ಹನಿಯಲ್ಲಿ ಏನೂ ಕಾಣದಿದ್ದರೆ ನೀರು ಶುದ್ಧವೆಂದು ಬರೆಯಬಹುದೇ? ಬರೆಯಬಾರದು. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜೀವಹಾನಿಯಾಯಿತು. ಅದು ಹೊಲಸು ಸೇರಿದ ಕುಡಿಯುವ ನೀರಿನಿಂದ ಹರಡುವ ಹೆಪಟೈಟಿಸ್ ಇ ಎಂಬ ವೈರಸ್ಸಿನ ಕಾಮಾಲೆ. ಆ ವೈರಸ್ಸಿನ ಅಡ್ಡಳತೆ ನಾವು ಅಳೆದ ಉಳ್ಳಾಗಡ್ಡಿಯ ಕೋಶದ ಉದ್ದದಲ್ಲಿ ಸುಮಾರು ಹತ್ತು ಸಾವಿರದ ಒಂದು ಪಾಲು. ಶಾಲೆಯ ಸೂಕ್ಷ್ಮದರ್ಶಕಕ್ಕೆ ಅದು ಎಂದೂ ಕಾಣದು. ಆದುದರಿಂದ ವಹಿಯಲ್ಲಿ '400 ಪಟ್ಟಿನಲ್ಲಿ ನೋಡಿದಾಗ ಜೀವಿಗಳು ಕಾಣಲಿಲ್ಲ' ಎಂದಷ್ಟೇ ಬರೆಯಬೇಕು. 'ಜೀವಿಗಳಿಲ್ಲ' ಎಂಬುದು ಬೇರೆ ಮಾತು. ಈ ಎರಡು ಮಾತುಗಳ ಅಂತರ ತಿಳಿದ ಮನೆಯವರು ತಿಳಿಯಾಗಿ ಕಾಣುವ ನೀರನ್ನೂ ಕುದಿಸಿಯೇ ಕುಡಿದಾರು.

ವಿದ್ಯಾರ್ಥಿ ಮಿತ್ರರೇ, ಚೂಪಾದ ಪೆನ್ಸಿಲಿನಿಂದ ಒಂದೇ ಗೆರೆಯಲ್ಲಿ ಚಿತ್ರ ಬರೆಯಿರಿ. ತಾರೀಖು, ಎಷ್ಟು ಪಟ್ಟು ಎಂಬುದು, ಭಾಗಗಳ ಹೆಸರು ಮರೆಯಬೇಡಿ. ಗೆಳೆಯನ ವಹಿಯಿಂದ ಇಳಿಸಿಕೊಂಡ ಚಿತ್ರ ಅವನ ಕಣ್ಣಿನದು, ನಿಮ್ಮದಲ್ಲ. ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳ ವಹಿಯನ್ನು ನೋಡುವಾಗ ಚಿತ್ರದ ಅಂದವನ್ನಷ್ಟೇ ನೋಡಬೇಡಿ. 'ಇದನ್ನು ನೀನೇ ಕಂಡೆಯಾ?' ಎಂದು ಒಮ್ಮೆ ಕೇಳಿರಿ.